ಒಂಬತ್ತನೇ ದರ್ಜೆಯ ದೋಣಿ

ಮಂಗಳವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಗುಮಾಸ್ತರ ಕೀಬೋರ್ಡಿನ ಮೇಲೆ ಒಂದು ಲೋಟ ಹಾಲು ಚೆಲ್ಲಿತು.

ಚೆಲ್ಲಿದ್ದು ಅವರ ಕೈಯಿಂದಲ್ಲ, ಮೌಸಿನ ವಯರಿನಿಂದ. ಆ ವಯರು ಗಿಡ್ಡ. ಮೌಸನ್ನು ಬಲಗಡೆಗೆ ಸ್ವಲ್ಪ ಹೆಚ್ಚು ಸರಿಸಿದರೆ ಕಟ್ಟಿಹಾಕಿದ ಕರುವಿನ ಹಾಗೆ ಹಿಂದಕ್ಕೆ ಜಗ್ಗುತ್ತಿತ್ತು. ಆ ದಿನ ಜಗ್ಗಿದ ರಭಸಕ್ಕೆ ವಯರು ಲೋಟಕ್ಕೆ ಸಿಕ್ಕಿಕೊಂಡಿತು. ಹಾಲು ಕೀಬೋರ್ಡಿಗೆ ಹೋಯಿತು, ಲೋಟ ನೆಲಕ್ಕೆ ಹೋಯಿತು, ಲೋಟದ ಹಿಂದೆಯೇ ಮೌಸೂ ಹೋಯಿತು. ಮೌಸಿನ ಎಡಗುಂಡಿ ಕಿತ್ತುಕೊಂಡು ಮಂಚದ ಕೆಳಗೆ ಸೇರಿತು. ಕೀಬೋರ್ಡಿನ ಮೂಲೆಯ ಪುಟ್ಟ ದೀಪ ಮೂರು ಸಲ ಮಿನುಗಿ ಆರಿತು.

ಗುಮಾಸ್ತರಿಗೆ ಐವತ್ತಮೂರು ವರ್ಷ. ಇರುವುದು ಎರಡನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮೂಲೆಯ ಮನೆಯಲ್ಲಿ, ಒಬ್ಬರೇ. ಕೆಲಸ ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ. ಜನ ಬಸ್ಸಿನಲ್ಲಿ ಮರೆತುಹೋದ ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಊಟದ ಡಬ್ಬಿ, ಕಪ್ಪು ಛತ್ರಿ ಇವನ್ನೆಲ್ಲ ಬಣ್ಣ, ಉದ್ದ, ಗುರುತು ಸಮೇತ ಕಂಪ್ಯೂಟರಿಗೆ ಏರಿಸುವುದು. ಇಪ್ಪತ್ತಾರು ವರ್ಷದಿಂದ ಅವರು ಅದನ್ನೇ ಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ವರ್ಷಕ್ಕೆ ನಾನೂರು ಕಪ್ಪು ಛತ್ರಿ ಬರುತ್ತವೆ. ಕೇಳಿಕೊಂಡು ಬರುವವರು ಮೂವತ್ತು ಜನ.

ಬೇರೆಯವರಾಗಿದ್ದರೆ ಹಾಲು ಒರೆಸಿ, ತಿಂಗಳ ಕೊನೆಗೆ ಹೊಸ ಕೀಬೋರ್ಡು ತರೋಣ ಎಂದು ಸುಮ್ಮನಾಗುತ್ತಿದ್ದರು. ಗುಮಾಸ್ತರಿಗೆ ತಿಂಗಳ ಕೊನೆಯವರೆಗೆ ಕಾಯಲು ಆಗುತ್ತಿರಲಿಲ್ಲ. ಅದೇ ದಿನ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಅವರಿಗೊಂದು ಉತ್ತರ ಬರುವುದಿತ್ತು.

ಉತ್ತರ ಬರಬೇಕಾದದ್ದು ಒಂದು ಕಂಪ್ಯೂಟರ್ ಆಟದೊಳಗಿನಿಂದ. ಆ ಆಟದಲ್ಲಿ ಒಂದು ನದಿ, ಒಂದು ದೋಣಿ, ಇಬ್ಬರು ಅಂಬಿಗರು. ಒಬ್ಬರು ಎಲ್ಲೋ ಒಂದು ಮನೆಯಲ್ಲಿ ಕೂತಿರುತ್ತಾರೆ, ಇನ್ನೊಬ್ಬರು ಇನ್ನೆಲ್ಲೋ. ಕೀಬೋರ್ಡಿನಿಂದ ಹುಟ್ಟು ಹಾಕಬೇಕು, ಮೌಸಿನಿಂದ ದಿಕ್ಕು ಹಿಡಿಯಬೇಕು, ಬಂಡೆ ತಪ್ಪಿಸಿ ಕೆಳಗಿನ ಕಟ್ಟೆ ಮುಟ್ಟಬೇಕು. ಒಮ್ಮೆ ಮುಟ್ಟಿದರೆ ಒಂದು ದರ್ಜೆ ಮೇಲೆ, ಹತ್ತು ಸಲ ಮುಳುಗಿದರೆ ಒಂದು ದರ್ಜೆ ಕೆಳಗೆ. ದಿನಕ್ಕೆ ಐದೇ ದೋಣಿ. ಒಂದೇ ದರ್ಜೆಯ ಇಬ್ಬರನ್ನು ಆಟವೇ ಹುಡುಕಿ ಜೊತೆಗೆ ಕೂರಿಸುತ್ತದೆ. ನಮಗೆ ಬೇಕಾದವರನ್ನು ನಾವು ಆರಿಸುವಂತಿಲ್ಲ.

ಎಲ್ಲಕ್ಕಿಂತ ಕೆಳಗಿನದು ಒಂಬತ್ತನೇ ದರ್ಜೆ. ಹೊಸಬರು ಅದನ್ನು ಒಂದು ವಾರದಲ್ಲಿ ದಾಟಿಹೋಗುತ್ತಾರೆ. ಗುಮಾಸ್ತರು ಅಲ್ಲಿ ಹದಿನಾಲ್ಕು ತಿಂಗಳಿಂದ ಇದ್ದರು. ಇನ್ನೂ ಒಬ್ಬರು ಇದ್ದರು. ಸಂಜೆ ಆರೂ ಹತ್ತಕ್ಕೆ ಆ ದರ್ಜೆಯಲ್ಲಿ ಈ ಇಬ್ಬರನ್ನು ಬಿಟ್ಟರೆ ನರಪಿಳ್ಳೆ ಇರುತ್ತಿರಲಿಲ್ಲವಾದ್ದರಿಂದ ಆಟ ವಿಧಿಯಿಲ್ಲದೆ ದಿನವೂ ಇಬ್ಬರನ್ನೂ ಒಂದೇ ದೋಣಿಗೆ ಹತ್ತಿಸುತ್ತಿತ್ತು.

ಹತ್ತಿದ ಮೇಲೆ ಅವರು ಹುಟ್ಟು ಹಾಕುತ್ತಿರಲಿಲ್ಲ. ದಡದ ಮರವೊಂದರ ಕೆಳಗೆ ದೋಣಿ ನಿಲ್ಲಿಸುತ್ತಿದ್ದರು. ದೋಣಿ ನಿಂತರೆ ಇಪ್ಪತ್ತು ನಿಮಿಷಕ್ಕೆ ಪ್ರವಾಹ ಬಂದು ಮುಳುಗಿಸುತ್ತದೆ. ಆ ಇಪ್ಪತ್ತು ನಿಮಿಷ ಪರದೆಯ ಕೆಳಗಿನ ಸಣ್ಣ ಪೆಟ್ಟಿಗೆಯಲ್ಲಿ ಅವರು ಮಾತು ಬರೆದುಕೊಳ್ಳುತ್ತಿದ್ದರು. ದೋಣಿ ಮುಳುಗಿದರೆ ಪೆಟ್ಟಿಗೆಯೂ ಮುಚ್ಚುತ್ತದೆ. ಮತ್ತೆ ಮಾರನೆಯ ದಿನ.

ಆಟದಲ್ಲಿ ಗುಮಾಸ್ತರ ಹೆಸರು ‘ಕಪ್ಪು ಛತ್ರಿ’. ಆ ಕಡೆಯವರ ಹೆಸರು ‘ಮೂರನೇ ಮಹಡಿ’. ಎಡ ಮೊಣಕಾಲು ನೋಯುತ್ತದೆ, ಮೆಟ್ಟಿಲು ಇಳಿಯುವುದು ಕಷ್ಟ, ಕಿಟಕಿ ಮುಚ್ಚಿದರೆ ನಿದ್ದೆ ಬರುವುದಿಲ್ಲ, ಊಟಕ್ಕೆ ಒಂದೇ ತಟ್ಟೆ ತೊಳೆಯುವುದು ಬೇಜಾರು. ಇಷ್ಟು ಗೊತ್ತಿತ್ತು. ಬಂದೆ, ತಿಂದೆ, ಸಾಕಾಯಿತು ಎನ್ನುವ ಮಾತಿನಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಗುಮಾಸ್ತರೂ ಕೇಳಿರಲಿಲ್ಲ. ಸೋಮವಾರ ಮಾತ್ರ, ಹದಿನಾಲ್ಕು ತಿಂಗಳ ಧೈರ್ಯವನ್ನೆಲ್ಲ ಒಟ್ಟುಮಾಡಿ, ‘ನಿಮ್ಮ ಊರು ಯಾವುದು?’ ಎಂದು ಬರೆದರು.

ನಾಲ್ಕು ನಿಮಿಷ ಏನೂ ಬರಲಿಲ್ಲ. ಆಮೇಲೆ, ‘ನಾಳೆ ಹೇಳ್ತೀನಿ. ಬರ್ತೀರಿ ತಾನೆ?’ ಎಂದು ಬಂತು.

‘ಬರ್ತೀನಿ’ ಎಂದು ಗುಮಾಸ್ತರು ಬರೆಯುತ್ತಿರುವಾಗ ಪ್ರವಾಹ ಬಂತು. ಆ ಮಾತು ಅಲ್ಲಿಗೆ ಮುಟ್ಟಿತೋ ಇಲ್ಲವೋ ಅವರಿಗೆ ಗೊತ್ತಾಗಲಿಲ್ಲ. ಬೆಳಗ್ಗೆ ಏಳಕ್ಕೇ ಎದ್ದು ಕಂಪ್ಯೂಟರ್ ಹಚ್ಚಿದ್ದು ಅದನ್ನು ತಿಳಿಯುವ ದಾರಿ ಏನಾದರೂ ಇದೆಯೇ ಎಂದು ನೋಡಲು. ಇರಲಿಲ್ಲ. ಹಾಲು ಚೆಲ್ಲಿದ್ದಷ್ಟೇ ಲಾಭ.

ಲೋಟ ಬಿದ್ದ ಸದ್ದಿಗೆ ಗೋಡೆಯಾಚೆಯ ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಅರ್ಧ ನಿಮಿಷದಲ್ಲಿ ದರ್ಜಿ ಅಕ್ಕ ಬಾಗಿಲಲ್ಲಿ ಇದ್ದರು. ಅವರಿಗೆ ಅರವತ್ತು ದಾಟಿತ್ತು. ಕತ್ತಿನಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ.

“ಏನಪ್ಪಾ, ಬಿದ್ಯಾ?” ಎಂದರು ಸೂಜಿ ತೆಗೆಯದೆ.

“ನಾನಲ್ಲ ಅಕ್ಕ, ಹಾಲು.”

“ಓ, ಆ ಕಟಕಟ ಡಬ್ಬಿ ಮೇಲಾ? ಒಳ್ಳೇದಾಯ್ತು ಬಿಡು. ದಿನಾ ಸಂಜೆ ನೀನು ಅದನ್ನ ಕುಟ್ತಿದ್ರೆ ಗೋಡೆ ಒಳಗೆ ಮರಕುಟಿಗ ಸೇರಿಕೊಂಡಿದೆ ಅಂತ ಅನ್ಸುತ್ತೆ.” ಹತ್ತಿರ ಬಂದು ನೋಡಿದರು. “ಅಕ್ಕಿ ಒಳಗೆ ಹೂಳು. ನನ್ನ ತಂಗಿ ಮಗಳ ಮೊಬೈಲು ನೀರಿಗೆ ಬಿದ್ದಿದ್ದು ಅಕ್ಕಿಯಲ್ಲೇ ಸರಿಹೋಗಿದ್ದು.”

“ಅದು ನೀರು ಅಕ್ಕ, ಇದು ಹಾಲು.”

“ಹಾಲಲ್ಲಿ ನೀರಿರಲ್ವಾ? ನಿನ್ನ ಹಾಲಿನವನು ಅಷ್ಟು ಪ್ರಾಮಾಣಿಕನಾ?”

ಮೊಬೈಲು ಅಂಗೈ ಉದ್ದ. ಕೀಬೋರ್ಡು ಮೊಳದುದ್ದ. ಅಕ್ಕಿ ಡಬ್ಬದೊಳಗೆ ಹಿಡಿಸಲಿಲ್ಲ. ಅಕ್ಕ ಮಂಚದ ಮೇಲೆ ಹಾಳೆ ಹಾಸಿ, ಕೀಬೋರ್ಡು ಮಲಗಿಸಿ, ಮೂರು ಸೇರು ಅಕ್ಕಿ ಮೇಲೆ ಸುರಿದರು. ಹತ್ತು ನಿಮಿಷದ ನಂತರ ಎತ್ತಿ ಕೊಡವಿದಾಗ ಪ್ರತಿ ಗುಂಡಿಯ ಸಂದಿಯಲ್ಲೂ ಹಾಲು ಕುಡಿದು ಉಬ್ಬಿದ ಅಕ್ಕಿಕಾಳು ಹೊಸ ಹಲ್ಲಿನ ಹಾಗೆ ಎದ್ದು ನಿಂತಿತ್ತು. ಒಂದು ಗುಂಡಿಯೂ ಕೆಳಗೆ ಹೋಗಲಿಲ್ಲ.

“ಹೊಸದು ತಗೋ,” ಎಂದರು ಅಕ್ಕ. “ಸದ್ದಿಲ್ಲದ್ದು.”

ಒಂಬತ್ತೂವರೆಗೆ ಗುಮಾಸ್ತರು ಕಚೇರಿಯಲ್ಲಿದ್ದರು. ಹತ್ತಕ್ಕೆ ಮೇಡಂ ಹತ್ತಿರ ಹೋಗಿ, ಸಂಜೆ ಒಂದು ಗಂಟೆ ಬೇಗ ಬಿಡಬೇಕೆಂದು ಕೇಳಿಕೊಂಡರು. ವಿಭಾಗದ ಮೇಲ್ವಿಚಾರಕಿಯಾದ ಮೇಡಂ ಯಾವ ವಸ್ತುವನ್ನೂ ವಿವರವಿಲ್ಲದೆ ಒಪ್ಪುವವರಲ್ಲ. ಸ್ವಂತ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ವರನ ಎತ್ತರ ಹಾಕಿಸಿದ್ದರು ಎಂದು ಕಚೇರಿಯ ಜನ ಹೇಳುತ್ತಿದ್ದರು.

“ಏನು ತರಬೇಕು?”

“ಒಂದು ಕೀಬೋರ್ಡು, ಒಂದು ಮೌಸು.”

“ಎಂಥದ್ದು? ಬಣ್ಣ, ಉದ್ದ, ಗುರುತು?”

“ಕೈಗೆ ಹಿತವಾಗಿರೋದು ಮೇಡಂ. ಮಣಿಕಟ್ಟು ಎರಡು ವರ್ಷದಿಂದ ನೋಯ್ತಿದೆ.”

“ಹಿತ ಅನ್ನೋದು ವಿವರ ಅಲ್ಲ. ಉಪಯೋಗ?”

“ಮನೆ ಕೆಲಸಕ್ಕೆ.”

“ಮನೇಲಿ ನಿಮಗೆ ಏನ್ರೀ ಕೆಲಸ? ಒಬ್ರೇ ಇರೋದು.”

ಮೇಡಂ ಅದನ್ನು ನೋಯಿಸಬೇಕೆಂದು ಹೇಳಲಿಲ್ಲ. ಛತ್ರಿಯ ಹಿಡಿ ಮುರಿದಿದೆ ಎನ್ನುವ ಹಾಗೆ ಹೇಳಿದರು. ಗುಮಾಸ್ತರು ಕಿಟಕಿಯ ಕಡೆ ನೋಡಿದರು. ಆಟ ಆಡಲು ಎಂದು ಅವರ ಬಾಯಿಂದ ಬರಲಿಲ್ಲ.

ಗೋದಾಮಿನ ಟೇಪಣ್ಣ ಈ ಮಾತು ಕೇಳಿಸಿಕೊಂಡೇ ಎದ್ದು ಬಂದರು. ಬರುವ ವಸ್ತುವನ್ನೆಲ್ಲ ಅಳೆಯುವುದು ಅವರ ಕೆಲಸ; ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ. “ಮೊದಲು ಕೈ ಕೊಡಿ,” ಎಂದು ಗುಮಾಸ್ತರ ಬಲಗೈ ಹಿಡಿದು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಟೇಪು ಹಿಡಿದರು. “ಹತ್ತೊಂಬತ್ತು ಸೆಂಟಿಮೀಟರು. ದೊಡ್ಡ ಕೈ. ನೀವು ಇಷ್ಟು ದಿನ ಉಪಯೋಗಿಸಿದ ಮೌಸು ಸಣ್ಣದಿರಬೇಕು. ಸಣ್ಣ ಮೌಸು ಅಂದ್ರೆ ಬೆರಳು ಏಡಿ ಥರ ಮುದುರುತ್ತೆ, ಅದಕ್ಕೇ ನೋವು.” ಆಮೇಲೆ ದನಿ ತಗ್ಗಿಸಿದರು. “ಹದಿನಾಲ್ಕನೇ ಕಪಾಟಿನಲ್ಲಿ ಒಂದು ಕೀಬೋರ್ಡು ಇದೆ. ಬಂದು ಎಂಬತ್ತೆಂಟು ದಿನ. ತೊಂಬತ್ತಾದ್ರೆ ಸಿಬ್ಬಂದಿಗೇ ಹರಾಜು. ಇವತ್ತು ಕುಟ್ಟಿ ನೋಡಿ, ಒಗ್ಗಿದ್ರೆ ಗುರುವಾರ ನಿಮ್ಮದೇ.”

“ನನಗೆ ಇವತ್ತೇ ಬೇಕು.”

“ಇವತ್ತು ಕುಟ್ಟಿ ನೋಡಿ ಅಂದ್ನಲ್ಲ.”

ಹನ್ನೊಂದೂ ನಲವತ್ತಕ್ಕೆ, ಮೇಡಂ ಒಳಗೆ ಫೋನಿನಲ್ಲಿದ್ದಾಗ, ಟೇಪಣ್ಣ ಅದನ್ನು ತಂದು ಗುಮಾಸ್ತರ ಕಂಪ್ಯೂಟರಿಗೆ ಚುಚ್ಚಿದರು. ಚುಚ್ಚಿದ ಕೂಡಲೇ ಅದು ಏಳು ಬಣ್ಣದಲ್ಲಿ ಹೊತ್ತಿಕೊಂಡಿತು. ಗುಮಾಸ್ತರು ಹೆದರಿ ಮುಚ್ಚಲು ಹೋಗಿ ಎರಡೂ ಕೈ ಅದರ ಮೇಲೆ ಇಟ್ಟರು. ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಸುರಿದಂಥ ಸದ್ದಾಯಿತು. ಕಿಟಕಿಯಾಚೆ ಸಾಲಿನಲ್ಲಿ ನಿಂತಿದ್ದ ಹನ್ನೊಂದು ಜನ ತಿರುಗಿ ನೋಡಿದರು. ಹನ್ನೆರಡನೆಯವರು ನೋಡಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟರು.

“ಅದು ನಂದು,” ಎಂದರು.

ಎಪ್ಪತ್ತರ ಸಮೀಪದ ಮನುಷ್ಯ. ಬೆನ್ನು ನೇರ, ಮೊಣಕೈ ಸೊಂಟಕ್ಕೆ ಅಂಟಿಕೊಂಡಿತ್ತು. ನಲವತ್ತು ವರ್ಷ ಬೆರಳಚ್ಚು ಶಾಲೆ ನಡೆಸಿದ ಮೇಷ್ಟ್ರು. ಮೂರು ತಿಂಗಳಿಂದ ನಿಲ್ದಾಣ ನಿಲ್ದಾಣ ಅಲೆದು ಇಲ್ಲಿಗೆ ಬಂದಿದ್ದರು.

ಮೇಡಂ ಹೊರಗೆ ಬಂದರು. ಕಳೆದುಹೋದ ವಸ್ತು, ಹೊತ್ತಿಕೊಂಡ ಸ್ಥಿತಿಯಲ್ಲಿ, ತಮ್ಮ ಗುಮಾಸ್ತರ ಎರಡೂ ಕೈ ಕೆಳಗೆ ಇರುವುದನ್ನು ನೋಡಿದರು. ಟೇಪಣ್ಣ ಅಷ್ಟರಲ್ಲಿ ಗೋದಾಮಿನ ಅತ್ಯಂತ ಒಳಗಿನ ಕಪಾಟು ಅಳೆಯುತ್ತಿದ್ದರು.

“ಗುರುತು ಹೇಳಿ,” ಎಂದರು ಮೇಡಂ ಮೇಷ್ಟ್ರಿಗೆ.

“ಗುರುತು ಸದ್ದು. ಬಣ್ಣ ಕಪ್ಪಿರಬೇಕು. ನಾನು ಕೀಬೋರ್ಡು ನೋಡಲ್ಲ ತಾಯಿ. ನೋಡಿ ಹೊಡೆಯೋನಿಗೆ ಟೈಪಿಂಗ್ ಬರಲ್ಲ.”

“ರಿಜಿಸ್ಟರಿನಲ್ಲಿ ಸದ್ದಿಗೆ ಕಾಲಂ ಇಲ್ಲ.”

“ಹಾಗಿದ್ರೆ ಪರೀಕ್ಷೆ ಮಾಡಿ. ನಾನು ಗೋಡೆ ಕಡೆ ತಿರುಗಿ ನಿಲ್ತೀನಿ.”

ಮೇಡಂಗೆ ಈ ಕ್ರಮ ಹಿಡಿಸಿತು. ವಿಭಾಗದ ಇತಿಹಾಸದಲ್ಲಿ ಮೊದಲ ಸಲ ಕೀಬೋರ್ಡುಗಳ ಗುರುತು ಪರೇಡು ನಡೆಯಿತು. ಮೂರು ಮೇಜಿನ ಮೂರು ಕೀಬೋರ್ಡು ತಂದು ಇದರ ಪಕ್ಕ ಸಾಲಾಗಿ ಇಟ್ಟು ಅದೇ ಕಂಪ್ಯೂಟರಿಗೆ ಚುಚ್ಚಿದರು. ಮೇಷ್ಟ್ರು ಗೋಡೆಗೆ ಮುಖ ಮಾಡಿ ಕೈಕಟ್ಟಿ ನಿಂತರು. ಕುಟ್ಟುವ ಕೆಲಸ ಗುಮಾಸ್ತರಿಗೆ ಬಂತು.

“ಎರಡನೇದು ನೀರು ಕುಡಿದಿದೆ,” ಎಂದರು ಮೇಷ್ಟ್ರು ಗೋಡೆಗೆ. “ಒಂದನೇದಕ್ಕೆ ಸ್ಪೇಸ್ ಬಾರ್ ಸಡಿಲ. ಮೂರನೇದರ ಮೇಲೆ ದಿನಾ ಯಾರೋ ಬಿಸ್ಕತ್ತು ತಿಂತಾರೆ. ನಾಲ್ಕನೇದು ನಂದು. ಕುಟ್ತಾ ಇರೋರಿಗೆ ಬಲಗೈ ಮಣಿಕಟ್ಟು ಸರಿಯಿಲ್ಲ.”

ಮೂರನೆಯದು ಮೇಡಂ ಅವರದು.

ಒಳಗಿನಿಂದ ಮೆಲ್ಲಗೆ ಬಂದ ಟೇಪಣ್ಣ ಪರದೆಗೆ ಬಗ್ಗಿ ನೋಡಿದರು. “ನಾಲ್ಕು ಸಲವೂ ‘ಬರ್ತೀನಿ ಬರ್ತೀನಿ’ ಅಂತಲೇ ಹೊಡೆದಿದ್ದೀರಲ್ಲ. ಯಾರಿಗೆ?”

“ಕೈಗೆ ಬಂದದ್ದು ಹೊಡೆದೆ,” ಎಂದರು ಗುಮಾಸ್ತರು.

ಮೇಡಂ ಒಂದು ಮೆಮೊ ಕೊಟ್ಟರು. ಅದರಲ್ಲಿ ಕೀಬೋರ್ಡಿನ ಬಣ್ಣ, ಉದ್ದ, ಗುಮಾಸ್ತರ ಕೈ ಅದರ ಮೇಲಿದ್ದ ಜಾಗ ಎಲ್ಲ ಇತ್ತು. ಬೇಗ ಬಿಡುವ ಮಾತು ಹಿಂದಕ್ಕೆ ಹೋಯಿತು. ವಸ್ತುವನ್ನು ಹಿಂದಿರುಗಿಸುವ ಫಾರಂ ಮೂರು ಪ್ರತಿ ತುಂಬಿ ಮುಗಿಸಿದಾಗ ನಾಲ್ಕೂವರೆ, ಕಚೇರಿ ಮುಚ್ಚುವ ಹೊತ್ತು. ಮೇಷ್ಟ್ರು ಅಲ್ಲಿಯವರೆಗೆ ಬೆಂಚಿನ ಮೇಲೆ ಕೀಬೋರ್ಡನ್ನು ಮಗುವಿನ ಹಾಗೆ ಮಲಗಿಸಿಕೊಂಡು ಕಾದಿದ್ದರು.

“ನಿಮ್ಮಿಂದ ನನ್ನ ಸ್ವತ್ತು ಸಿಕ್ತು,” ಎಂದರು. “ಮೌಸು ಕೀಬೋರ್ಡು ತಗೊಳ್ಳೋಕೆ ಹೋಗ್ತೀರಂತೆ. ನಾನಿಲ್ಲದೆ ಹೋಗಬಾರದು.”

“ನಾನೂ ಬರ್ತೀನಿ,” ಎಂದರು ಟೇಪಣ್ಣ. “ಅಳತೆ ನನ್ನ ಹತ್ರ ಇದೆ.”

ಗುಮಾಸ್ತರು ಗಡಿಯಾರ ನೋಡಿದರು. ಬೇಡ ಎಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಜೊತೆಗೆ ಬರುತ್ತೇನೆ ಎಂದು ಯಾರಾದರೂ ಹೇಳಿದ ಅಭ್ಯಾಸವೂ ಇರಲಿಲ್ಲ.

ಕಂಪ್ಯೂಟರ್ ಅಂಗಡಿಯವರು ತೋರಿಸಿದ ಮೊದಲ ಮೌಸಿನಲ್ಲಿ ಹನ್ನೆರಡು ಗುಂಡಿಗಳಿದ್ದವು. “ಗೇಮಿಗೆ ಇದೇ ಸಾರ್. ಎಲ್ಲ ಹುಡುಗರೂ ಇದನ್ನೇ ಒಯ್ಯೋದು.”

“ಇವರಿಗೆ ಗೇಮು ಯಾಕೆ?” ಎಂದರು ಟೇಪಣ್ಣ. ಗುಮಾಸ್ತರು ಕೆಮ್ಮಿದರು.

ಮೇಷ್ಟ್ರು ಅಂಗಡಿಯ ಕುರ್ಚಿ ಎಳೆದು ಗುಮಾಸ್ತರನ್ನು ಕೂರಿಸಿದರು. “ಭುಜ ಬಿಡಿ. ಮೊಣಕೈ ಮೇಜಿನ ಮಟ್ಟಕ್ಕೆ. ಮಣಿಕಟ್ಟು ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ಕೀಬೋರ್ಡಿನ ಹಿಂದೆ ಎರಡು ಕಾಲಿರುತ್ತಲ್ಲ, ಅದನ್ನ ಎತ್ತಿ ನಿಲ್ಲಿಸೋರೇ ಹೆಚ್ಚು. ಮಡಚಿ ಇಡಿ. ಎತ್ತಿದ್ರೆ ಕೈ ಹಿಂದಕ್ಕೆ ಬಾಗಿ ನರ ಹಿಡ್ಕೊಳ್ಳುತ್ತೆ. ಬಲಗಡೆ ಅಂಕಿಗಳ ಗುಂಪು ನಿಮಗೆ ಮನೇಲಿ ಬೇಕಾ?”

“ಬೇಡ. ಅಂಕಿ ಎಲ್ಲ ಕಚೇರಿಯಲ್ಲೇ ಆಗುತ್ತೆ.”

“ಹಾಗಿದ್ರೆ ಅದಿಲ್ಲದ್ದು ತಗೊಳ್ಳಿ. ಮೌಸು ಹತ್ತಿರ ಬರುತ್ತೆ, ಭುಜ ಚಾಚೋದು ತಪ್ಪುತ್ತೆ. ಇನ್ನು ಸದ್ದು. ಸದ್ದಿದ್ರೇನೇ ಬೆರಳಿಗೆ ಧೈರ್ಯ.”

“ಸದ್ದು ಬೇಡ. ಪಕ್ಕದ ಮನೆ ಅಕ್ಕ ಬೇಡ ಅಂದಿದ್ದಾರೆ.”

“ಆ ದೀಪಗಳಾದ್ರೂ ಇರಲಿ ಸಾರ್,” ಎಂದರು ಅಂಗಡಿಯವರು.

“ದೀಪ ನನ್ನದರಲ್ಲೂ ಇದೆ. ನಾನು ಕೇಳಿರಲಿಲ್ಲ. ತಾನಾಗೇ ಬಂತು,” ಎಂದು ಮೇಷ್ಟ್ರು ಕೈಬಿಟ್ಟರು.

ಅಂಕಿಗಳಿಲ್ಲದ, ದೀಪವಿಲ್ಲದ, ಸದ್ದಿಲ್ಲದ ಕೀಬೋರ್ಡು ಒಂದು ಸಿಕ್ಕಿತು. ಮೌಸು ಸಿಗಲಿಲ್ಲ. ಒಂದು ಗುಮಾಸ್ತರ ಅಂಗೈಯಲ್ಲಿ ಹುಣಸೆಬೀಜದ ಹಾಗೆ ಕಳೆದುಹೋಯಿತು. ಇನ್ನೊಂದು ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಟೇಪಣ್ಣ ಒಂಬತ್ತು ಮೌಸುಗಳ ಉದ್ದ, ಅಗಲ, ಬೆನ್ನಿನ ಎತ್ತರ ಅಳೆದು ಅಂಗಡಿಯವರ ಬಿಲ್ ಪುಸ್ತಕದ ಹಿಂದೆ ಬರೆದರು. ಐದೂ ಹತ್ತಾಯಿತು. ಕೊನೆಗೆ ಅಂಗಡಿಯವರು ಮೇಲಿನ ಅಟ್ಟದಿಂದ ವಿಚಿತ್ರವಾದದ್ದೊಂದನ್ನು ಇಳಿಸಿದರು. ಅದು ಮಲಗಿರಲಿಲ್ಲ, ಪಕ್ಕಕ್ಕೆ ಎದ್ದು ನಿಂತಿತ್ತು. ವಯರೂ ಇರಲಿಲ್ಲ.

“ಇದನ್ನ ಮೇಲಿಂದ ಹಿಡಿಯೋದಲ್ಲ ಸಾರ್. ಯಾರಿಗಾದ್ರೂ ಕೈ ಕುಲುಕೋ ಹಾಗೆ ಹಿಡೀರಿ.”

ಗುಮಾಸ್ತರು ಹಿಡಿದರು. ಹೆಬ್ಬೆರಳು ಒಂದು ಗುಳಿಯಲ್ಲಿ ಕೂತಿತು. ಉಳಿದ ನಾಲ್ಕು ಬೆರಳು ಆಚೆ ಬದಿಗೆ ಒರಗಿದವು. ಮಣಿಕಟ್ಟಿನ ನೋವು, ಎರಡು ವರ್ಷದಲ್ಲಿ ಮೊದಲ ಸಲ, ಇರಲಿಲ್ಲ. ಅವರು ಅದನ್ನು ಕೆಳಗಿಡಲಿಲ್ಲ. ಅವರಿಗೆ ಯಾರಾದರೂ ಕೈ ಕುಲುಕಿ ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದರು.

“ಸಾರ್, ಪ್ಯಾಕ್ ಮಾಡ್ಲಾ?” ಎಂದು ಅಂಗಡಿಯವರು ಎರಡು ಸಲ ಕೇಳಬೇಕಾಯಿತು.

ಐದೂ ಮೂವತ್ತೈದಕ್ಕೆ ಮನೆ ಮುಟ್ಟಿದರು. ಮೇಷ್ಟ್ರೂ ಟೇಪಣ್ಣನೂ ಜೋಡಿಸಿ ಕೊಟ್ಟೇ ಹೋಗುವುದೆಂದು ಮೆಟ್ಟಿಲು ಹತ್ತಿದರು. ಇಷ್ಟೊಂದು ಕಾಲಿನ ಸದ್ದು ಕೇಳಿ ದರ್ಜಿ ಅಕ್ಕ ಬಾಗಿಲು ತೆರೆದು ಹಿಂದೆಯೇ ಬಂದರು. ಒಂದೇ ಕುರ್ಚಿ ಇತ್ತು, ಮೇಷ್ಟ್ರು ಕೂತರು. ಟೇಪಣ್ಣ ಮಂಚದ ಮೇಲೆ ಕೂತು ಅಕ್ಕಿಯ ಮೇಲಿಂದ ಎದ್ದರು. ಕಂಪ್ಯೂಟರ್ ಹಚ್ಚಿದರೆ ಆ ಆಟವೇ ಮೊದಲು ತೆರೆಯುವಂತೆ ಗುಮಾಸ್ತರು ಮಾಡಿಟ್ಟಿದ್ದರು. ನದಿ ಕಾಣಿಸಿತು. ಹೊಸ ಮೌಸು ಮುಟ್ಟಿದ ಕಡೆ ಬಾಣ ಹರಿಯಿತು. ಎಲ್ಲವೂ ಸರಿಯಾಗಿತ್ತು. ಇನ್ನೂ ಅರ್ಧ ಗಂಟೆ ಇತ್ತು.

“ಮೊದಲ ಸಲ ಮನೆಗೆ ಜನ ಬಂದಿದ್ದಾರೆ,” ಎಂದರು ಅಕ್ಕ. “ಒಂದು ಟೀ ಇಲ್ವೇನಪ್ಪಾ?”

ಹಾಲು ಬೆಳಗ್ಗೆಯೇ ಕೀಬೋರ್ಡು ಕುಡಿದಿತ್ತು. ಗುಮಾಸ್ತರು ಕೆಳಗಿನ ಅಂಗಡಿಗೆ ಓಡಿದರು. ಹಾಲು ಮುಗಿದಿತ್ತು. ಬೀದಿಯ ತುದಿಯ ಅಂಗಡಿಗೆ ಓಡಿದರು. ಅಲ್ಲಿ ಮುಂದೆ ನಿಂತಿದ್ದ ಹೆಂಗಸು ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹನ್ನೆರಡೂ ನೋಡಿದರು. ಗುಮಾಸ್ತರು ಏದುಸಿರು ಬಿಡುತ್ತ ಮಹಡಿ ಹತ್ತಿದಾಗ ಆರೂ ಆರು. ಒಳಗಿನಿಂದ ಚಪ್ಪಾಳೆ ಕೇಳಿಸುತ್ತಿತ್ತು.

“ಮೌಸು ಅಂದ್ರೆ ಇದು,” ಎಂದರು ಮೇಷ್ಟ್ರು ಕುರ್ಚಿಯಿಂದ. “ನೀವು ಬರೋವರೆಗೆ ಸುಮ್ನೆ ಯಾಕೆ ಕೂರೋದು, ಪರೀಕ್ಷೆ ಮಾಡೋಣ ಅಂತ ಆಡಿದ್ವಿ. ಮೊದಲ ದೋಣಿ ಟೇಪಣ್ಣ ಮುಳುಗಿಸಿದ್ರು.”

“ಬಂಡೆಗೂ ಬಂಡೆಗೂ ನಡುವೆ ಎಷ್ಟು ಜಾಗ ಅಂತ ಅಳೆಯೋಕೆ ಆಗಲಿಲ್ಲ,” ಎಂದರು ಟೇಪಣ್ಣ.

“ಆಮೇಲೆ ಎರಡು ನಾನು. ಎರಡೂ ದಡಕ್ಕೆ. ಹತ್ತು ಬೆರಳಿಗೆ ನಲವತ್ತು ವರ್ಷದ ಅಭ್ಯಾಸ. ಒಂಬತ್ತರಲ್ಲಿ ಇದ್ರಲ್ಲ, ಈಗ ಏಳಕ್ಕೆ ಏರಿಸಿದ್ದೀನಿ. ನಾಲ್ಕನೇದು ಅಕ್ಕ ಆಡಿದ್ರು. ಹೊಲಿಗೆ ಯಂತ್ರದ ಪೆಡಲು ಅಂತ ಕಾಲು ಒತ್ತಿ ಒತ್ತಿ ಮುಳುಗಿಸಿದ್ರು.”

“ಪಾಪ, ಒಂದೂ ದಡ ಸೇರಿರಲಿಲ್ಲವಂತೆ ನೀನು,” ಎಂದರು ಅಕ್ಕ. “ಅಲ್ಲಿ ಬರ್ದಿತ್ತು. ನಾನೂರ ಹತ್ತು ದೋಣಿ, ದಡ ಸೇರಿದ್ದು ಸೊನ್ನೆ. ನೋಡೋಕೇ ಬೇಜಾರಾಯ್ತು.”

ಗುಮಾಸ್ತರು ಹಾಲಿನ ಪೊಟ್ಟಣ ಹಿಡಿದುಕೊಂಡೇ ಪರದೆ ನೋಡಿದರು. ದರ್ಜೆ ಏಳು. ಉಳಿದ ದೋಣಿ ಒಂದು. ಗಂಟೆ ಆರೂ ಎಂಟು. ಎರಡು ದರ್ಜೆ ಕೆಳಗೆ, ಇನ್ನೆರಡು ನಿಮಿಷಕ್ಕೆ, ಎಡ ಮೊಣಕಾಲು ನೋಯುವ ಒಬ್ಬರು ಗುಂಡಿ ಒತ್ತಿ ಕಾಯುತ್ತಾರೆ.

ಅವರಿಗೆ ಕೂಗಬೇಕೆನಿಸಿತು. ಕೂಗಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಈ ಮೂವರಿಗೂ ನಗು ಬರಬಹುದು, ಅಥವಾ ಬರದೇ ಇರಬಹುದು. ಬರದಿದ್ದರೆ ಅದನ್ನು ತಡೆಯುವುದು ಇನ್ನೂ ಕಷ್ಟ.

“ಕೂತ್ಕೊಳ್ಳಿ, ನೀವೂ ಒಂದು ಆಡಿ,” ಎಂದು ಮೇಷ್ಟ್ರು ಎದ್ದು ಕುರ್ಚಿ ಕೊಟ್ಟರು.

ಆರೂ ಹತ್ತಕ್ಕೆ ಗುಮಾಸ್ತರು ಗುಂಡಿ ಒತ್ತಿದರು. ಏನಾದರೂ ತಪ್ಪಾಗಿ ಅವರೇ ಬಂದಾರು ಎಂಬ ಒಂದು ಎಳೆ ಆಸೆ ಇತ್ತು. ದೋಣಿಗೆ ಹತ್ತಿದವರ ಹೆಸರು ‘ಸಿಡಿಲು’.

‘ನಮಸ್ಕಾರ,’ ಎಂದು ಬರೆದರು ಗುಮಾಸ್ತರು.

ಸಿಡಿಲು ಸೀದಾ ಹುಟ್ಟು ಹಾಕಿತು. ಇನ್ನೂ ಮೇಲೇರದೆ ಮುಳುಗಿದರೆ ಸಾಕೆಂದು ಗುಮಾಸ್ತರು ಬಂಡೆಯ ಕಡೆಗೆ ದೋಣಿ ತಿರುಗಿಸಿದರು. ಆದರೆ ಹೊಸ ಮೌಸು ಅವರ ಕೈಯ ಸಣ್ಣ ಅಲುಗಾಟವನ್ನೂ ಬಿಡದೆ ಕೇಳುತ್ತಿತ್ತು. ಬೆನ್ನ ಹಿಂದೆ ಮೂವರು ‘ಎಡಕ್ಕೆ, ಎಡಕ್ಕೆ’ ಎಂದು ಒಟ್ಟಿಗೆ ಹೇಳಿದಾಗ ಕೈ ತಾನಾಗಿಯೇ ಎಡಕ್ಕೆ ಹೋಯಿತು. ಉಳಿದದ್ದನ್ನು ಸಿಡಿಲು ನೋಡಿಕೊಂಡಿತು. ನಾಲ್ಕು ನಿಮಿಷಕ್ಕೆ ದೋಣಿ ಕಟ್ಟೆ ಮುಟ್ಟಿತು. ಪರದೆಯ ತುಂಬ ಹೂವು ಸುರಿಯಿತು.

ಟೇಪಣ್ಣ ಗಟ್ಟಿಯಾಗಿ ಓದಿದರು: “ನೀವು ಆರನೇ ದರ್ಜೆಗೆ ಏರಿದ್ದೀರಿ. ಇಂದಿನಿಂದ ನೀವು ನುರಿತ ಅಂಬಿಗರು. ಈ ಸಂತೋಷದ ಸುದ್ದಿಯನ್ನು ಇದುವರೆಗೆ ನಿಮ್ಮ ದೋಣಿಯಲ್ಲಿ ಕೂತಿದ್ದ ಎಲ್ಲರಿಗೂ ತಿಳಿಸಲಾಗಿದೆ.”

“ಎಲ್ಲರಿಗೂ?” ಎಂದರು ಗುಮಾಸ್ತರು.

“ಎಲ್ಲರಿಗೂ ಅಂತಲೇ ಇದೆ. ಎಷ್ಟು ಜನ ಇದ್ದಾರೋ ಪಾಪ, ಖುಷಿಪಡ್ಲಿ.”

ಅಕ್ಕ ತಮ್ಮ ಮನೆಯಿಂದ ಮೂರು ಲೋಟ ತಂದರು. ಟೀ ಆಯಿತು. ಮೇಷ್ಟ್ರು ಹೋಗುವಾಗ ಕೀಬೋರ್ಡಿನ ಹಿಂದಿನ ಕಾಲು ಮಡಚಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದರು. ಟೇಪಣ್ಣ ನಾಳೆ ಮೇಡಂಗೆ ಹೇಳಿ ಮೆಮೊ ಹಿಂದಕ್ಕೆ ತೆಗೆಸುತ್ತೇನೆಂದರು; ತೆಗೆಸಲಿಲ್ಲ. ಏಳು ಗಂಟೆಗೆ ಕೋಣೆ ಖಾಲಿಯಾಯಿತು. ಗುಮಾಸ್ತರು ನಾಲ್ಕು ಲೋಟ ತೊಳೆದರು. ಪರದೆಯಲ್ಲಿ ಉಳಿದ ದೋಣಿಗಳ ಜಾಗದಲ್ಲಿ ಸೊನ್ನೆ ಇತ್ತು. ಮಾತಿನ ಪೆಟ್ಟಿಗೆ ಮುಚ್ಚಿತ್ತು. ಅವರು ಹೊಸ ಕೀಬೋರ್ಡಿನ ಮೇಲೆ ಒಂದಿಷ್ಟು ಹೊತ್ತು ಬೆರಳಾಡಿಸಿದರು. ಏನೂ ಕೇಳಿಸಲಿಲ್ಲ.

ಬುಧವಾರದಿಂದ ಅವರು ಮುಳುಗಲು ಶುರುಮಾಡಿದರು. ಲೆಕ್ಕ ಸರಳವಾಗಿತ್ತು: ಆರರಿಂದ ಒಂಬತ್ತಕ್ಕೆ ಮೂರು ದರ್ಜೆ, ಮೂವತ್ತು ದೋಣಿ, ಆರು ದಿನ. ಆದರೆ ಆರನೇ ದರ್ಜೆಯಲ್ಲಿ ಜೊತೆಗೆ ಸಿಗುವವರು ಮುಳುಗಲು ಬಿಡುವವರಲ್ಲ. ಬುಧವಾರದ ಮೊದಲ ದೋಣಿಯೇ ದಡ ಸೇರಿ ಅವರು ಐದನೇ ದರ್ಜೆಗೆ ಏರಿದರು. ಎರಡನೆಯದರಿಂದ ಎಡಗೈಯಲ್ಲಿ ಮೌಸು ಹಿಡಿದರು. ಜೊತೆಗಾರರು ಬರೆದ ಬೈಗುಳವನ್ನೆಲ್ಲ ಓದಿ, ಪ್ರತಿಯೊಬ್ಬರಿಗೂ ‘ಕ್ಷಮಿಸಿ’ ಎಂದು ಬರೆದು, ಬಂಡೆಗೆ ಗುದ್ದಿದರು. ಎಂಟು ದಿನದಲ್ಲಿ ಮೂವತ್ತೊಂಬತ್ತು ದೋಣಿ ಮುಳುಗಿದವು.

ಒಂಬತ್ತನೆಯ ದಿನ ಗುರುವಾರ ಸಂಜೆ ಐದೂ ಐವತ್ತಕ್ಕೆ ನಲವತ್ತನೆಯದು ಮುಳುಗಿತು. ಪರದೆಯಲ್ಲಿ ಒಂಬತ್ತನೇ ದರ್ಜೆ ಎಂದು ಬಂತು. ಇನ್ನೂ ನಾಲ್ಕು ದೋಣಿ ಉಳಿದಿದ್ದವು. ಗುಮಾಸ್ತರು ಮುಖ ತೊಳೆದು ಬಂದು, ಮೌಸನ್ನು ಬಲಗೈಗೆ ಬದಲಿಸಿಕೊಂಡು ಕಾದರು.

ಆರೂ ಹತ್ತಕ್ಕೆ ಗುಂಡಿ ಒತ್ತಿದಾಗ ದೋಣಿಯ ಬದಲು ಪರದೆಯ ತುಂಬ ಹೂವು ಸುರಿಯಿತು. ಹಿಂದೊಮ್ಮೆ ಅವರ ದೋಣಿಯಲ್ಲಿ ಕೂತಿದ್ದ ‘ಮೂರನೇ ಮಹಡಿ’ಯವರು ಎರಡು ನಿಮಿಷದ ಕೆಳಗೆ ಆರನೇ ದರ್ಜೆಗೆ ಏರಿ ನುರಿತ ಅಂಬಿಗರಾಗಿದ್ದರು.